ಈಪೋಲ್ ಲಾಕ್ ಬದಲಿಸುವ ಮೊದಲು ಡ್ರೈವರ್‌ನ ಪೋಲ್ ಫಂಕ್ಷನ್ ತೆರೆದು ನೋಡಿ

ಪ್ರಶ್ನೆ: ನಮ್ಮ ಉತ್ಪನ್ನದಲ್ಲಿ ಲಿನಕ್ಸ್ ಕರ್ನಲ್ ಇದೆ. ಅದರ ಮೇಲೆ ನಮ್ಮದೇ ಒಂದಷ್ಟು ಪ್ಯಾಚ್‌ಗಳು, ಒಂದು ಕ್ಯಾರೆಕ್ಟರ್ ಡಿವೈಸ್ ಡ್ರೈವರ್ ಇವೆ. ಆ ಡಿವೈಸ್‌ನ ಫೈಲ್‌ಗಳನ್ನೂ ಸಾವಿರಾರು ಸಾಕೆಟ್‌ಗಳನ್ನೂ ಒಂದೇ ಈಪೋಲ್‌ಗೆ (ಹಲವು ಫೈಲ್‌ಗಳನ್ನು ಒಟ್ಟಿಗೆ ಗಮನಿಸಿ, ಯಾವುದು ಸಿದ್ಧವಾಯಿತೆಂದು ಹೇಳುವ ಲಿನಕ್ಸ್‌ನ ಏರ್ಪಾಡು) ಸೇರಿಸಿದ್ದೇವೆ, ಹತ್ತಾರು ಥ್ರೆಡ್‌ಗಳು ಅದರ ಮೇಲೆ ಕಾಯುತ್ತವೆ. ಲೋಡ್ ಏರಿದಾಗ ವೇಗ ಅಳೆಯುವ ಪರ್ಫ್ ಉಪಕರಣದ ವರದಿಯಲ್ಲಿ ಸ್ಪಿನ್‌ಲಾಕ್‌ಗಾಗಿ (ಸಿಗುವವರೆಗೆ ಸಿಪಿಯು ಸುತ್ತುತ್ತಲೇ ಕಾಯುವ ಬೀಗ) ಕಾಯುವುದೇ ಎಲ್ಲಕ್ಕಿಂತ ಮೇಲೆ ಬರುತ್ತದೆ. ರೆಡಿ ಲಿಸ್ಟನ್ನು (ಈವೆಂಟ್ ಬಂದ ಫೈಲ್‌ಗಳ ಪಟ್ಟಿ) ಲಾಕ್ ಇಲ್ಲದ ಲಿಸ್ಟ್ ಮಾಡುವ ಪ್ಯಾಚ್ ತಂಡದಲ್ಲಿ ತಯಾರಾಗಿದೆ. ಇನ್ನೊಂದು ತೊಂದರೆಯೂ ಇದೆ: ಅಪರೂಪಕ್ಕೊಮ್ಮೆ ನಮ್ಮ ಡಿವೈಸ್‌ಗೆ ಡೇಟಾ ಬಂದಿದ್ದರೂ ಥ್ರೆಡ್ ಏಳುವುದಿಲ್ಲ, ಮುಂದಿನ ಡೇಟಾ ಬಂದಾಗ ಎದ್ದು ಎರಡನ್ನೂ ಓದುತ್ತದೆ. ಈ ಕೋಡನ್ನು ಎಲ್ಲಿಂದ ಸರಿಮಾಡುತ್ತ ಬರಬೇಕು? ಇದೆಲ್ಲ ಬಿಟ್ಟು ಐಒ ಯೂರಿಂಗ್‌ಗೆ (ಓದು-ಬರಹದ ಕೋರಿಕೆಗಳನ್ನು ಹಂಚಿಕೊಂಡ ರಿಂಗ್ ಮೂಲಕ ಕರ್ನಲ್‌ಗೆ ಕೊಡುವ ಏರ್ಪಾಡು) ಹೋಗಿಬಿಡುವುದು ವಾಸಿಯೇ?

ಉತ್ತರ: ಎರಡನೇ ತೊಂದರೆಯಿಂದಲೇ ಶುರು ಮಾಡುತ್ತೇನೆ. ಮೊದಲನೆಯದು ಬರೀ ನಿಧಾನ, ಇದು ತಪ್ಪು. ವೇಕಪ್ (ಮಲಗಿದ ಥ್ರೆಡ್ಡನ್ನು ಎಬ್ಬಿಸುವ ಕರೆ) ಕಳೆದುಹೋಗುವ ಕೋಡ್‌ನಲ್ಲಿ ಲಾಕ್ ಬದಲಿಸಿದರೆ ಟೈಮಿಂಗ್ ಬದಲಾಗುತ್ತದೆ. ದೋಷ ಮರೆಯಾಗಬಹುದು, ಇಲ್ಲವೇ ಅಪರೂಪಕ್ಕೆ ಬರುತ್ತಿದ್ದದ್ದು ಗಳಿಗೆಗೊಮ್ಮೆ ಬರಬಹುದು. ಆಮೇಲೆ ಅದು ಹಳೆಯ ದೋಷವೋ ಹೊಸ ಪ್ಯಾಚ್ ತಂದದ್ದೋ ಎಂದು ತಂಡದಲ್ಲಿ ಯಾರೂ ಎದೆ ತಟ್ಟಿ ಹೇಳಲಾರರು. ಆ ಪ್ಯಾಚನ್ನು ಸದ್ಯಕ್ಕೆ ಬದಿಗಿಡಿ.

ಒಳಗೆ ಏನು ನಡೆಯುತ್ತದೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಫೈಲನ್ನು ಈಪೋಲ್‌ಗೆ ಸೇರಿಸಿದಾಗ ಕರ್ನಲ್ ಅದಕ್ಕೊಂದು ಈಪಿಐಟಂ ಎಂಬ ದಾಖಲೆ ಮಾಡಿ ರೆಡ್-ಬ್ಲ್ಯಾಕ್ ಟ್ರೀಗೆ ಹಾಕುತ್ತದೆ, ಆಮೇಲೆ ಆ ಫೈಲ್‌ನ ಪೋಲ್ ಫಂಕ್ಷನ್ (ಓದಲು ಬರೆಯಲು ಸಿದ್ಧವಿದೆಯೇ ಎಂದು ಹೇಳುವ ಡ್ರೈವರ್‌ನ ಭಾಗ) ಕರೆಯುತ್ತದೆ. ಆ ಫಂಕ್ಷನ್ ತನ್ನ ವೇಯ್ಟ್ ಕ್ಯೂ (ಕಾಯುವವರ ಸಾಲು) ಕೊಟ್ಟು ಪೋಲ್-ವೇಯ್ಟ್ ಕರೆದಾಗ ಈಪೋಲ್‌ನ ಕಾಲ್‌ಬ್ಯಾಕ್ ಆ ಕ್ಯೂಗೆ ಸೇರಿಕೊಳ್ಳುತ್ತದೆ. ಮುಂದೆ ಡ್ರೈವರ್ ವೇಕಪ್ ಮಾಡಿದಾಗಲೆಲ್ಲ ಆ ಕಾಲ್‌ಬ್ಯಾಕ್ ಓಡಿ ಐಟಂ ಅನ್ನು ರೆಡಿ ಲಿಸ್ಟ್‌ಗೆ ಸೇರಿಸಿ, ಕಾಯುತ್ತಿರುವ ಒಂದು ಥ್ರೆಡ್ಡನ್ನು ಎಬ್ಬಿಸುತ್ತದೆ. ಎದ್ದ ಥ್ರೆಡ್ ರೆಡಿ ಲಿಸ್ಟ್‌ನಿಂದ ಐಟಂ ತೆಗೆದು ಪೋಲ್ ಫಂಕ್ಷನ್ನನ್ನು ಇನ್ನೊಮ್ಮೆ ಕರೆದು ನೋಡುತ್ತದೆ: ನಿಜಕ್ಕೂ ಏನಾದರೂ ಇದೆಯೇ? ಇದ್ದರೆ ಯೂಸರ್ ಸ್ಪೇಸ್‌ಗೆ ಕೊಡುತ್ತದೆ. ಇಲ್ಲದಿದ್ದರೆ ಐಟಂ ಅನ್ನು ಅಲ್ಲಿಗೇ ಕೈಬಿಟ್ಟು ಮತ್ತೆ ಮಲಗುತ್ತದೆ.

ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಕಾಲ್‌ಬ್ಯಾಕ್ ತಂದದ್ದು ಬರೀ ಸುಳಿವು, ತೀರ್ಪು ಕೊಡುವುದು ಪೋಲ್ ಫಂಕ್ಷನ್. ನೀವು ಹೇಳುವ ಲಕ್ಷಣಕ್ಕೆ ನನ್ನ ಮೊದಲ ಗುಮಾನಿ ಇಲ್ಲೇ. ಡ್ರೈವರ್ ಮೊದಲು ವೇಕಪ್ ಮಾಡಿ, ಡೇಟಾ ಬಂತೆಂಬ ಗುರುತನ್ನು ಆಮೇಲೆ ಹಾಕುತ್ತಿದೆ ಎಂದಿಟ್ಟುಕೊಳ್ಳಿ. ಒಂದನೇ ಸಿಪಿಯು ವೇಕಪ್ ಮಾಡುತ್ತದೆ. ಎರಡನೇ ಸಿಪಿಯುನಲ್ಲಿ ಥ್ರೆಡ್ ಎದ್ದು ಪೋಲ್ ಕರೆಯುತ್ತದೆ, ಬಫರ್ ಖಾಲಿ ಎಂಬ ಉತ್ತರ ಸಿಗುತ್ತದೆ, ಐಟಂ ಲಿಸ್ಟ್‌ನಿಂದ ಹೊರಬೀಳುತ್ತದೆ, ಥ್ರೆಡ್ ಮಲಗುತ್ತದೆ. ಈಗ ಒಂದನೇ ಸಿಪಿಯು ಬಫರ್‌ನ ಹೆಡ್ ಇಂಡೆಕ್ಸನ್ನು ಮುಂದಕ್ಕೆ ಸರಿಸುತ್ತದೆ. ಅದನ್ನು ಹೇಳಲು ಇನ್ನೊಂದು ವೇಕಪ್ ಇಲ್ಲ. ಮುಂದಿನ ಡೇಟಾ ಬರುವವರೆಗೆ ಹಿಂದಿನದು ಅಲ್ಲೇ ಬಿದ್ದಿರುತ್ತದೆ. ನೀವು ಕಂಡದ್ದೂ ಇದನ್ನೇ.

ಬೇಕೆಂದೇ ಇಂಥ ಕೋಡ್ ಯಾರೂ ಬರೆಯುವುದಿಲ್ಲ, ಆದರೆ ಅದು ಹುಟ್ಟುವ ದಾರಿ ಬಹಳ ಸುಲಭದ್ದು. ಮೊದಲು ಇಂಟರಪ್ಟ್ ಹ್ಯಾಂಡ್ಲರ್‌ನಲ್ಲೇ ಡೇಟಾ ಬಫರ್‌ಗೆ ಹೋಗಿ, ಕೊನೆಯ ಸಾಲಿನಲ್ಲಿ ವೇಕಪ್ ಇರುತ್ತದೆ. ಮುಂದೆ ಯಾರೋ ಹ್ಯಾಂಡ್ಲರ್ ಹಗುರ ಮಾಡಲೆಂದು ಡೇಟಾ ಸಾಗಿಸುವ ಕೆಲಸವನ್ನು ಆಮೇಲೆ ಓಡುವ ವರ್ಕ್ ಕ್ಯೂಗೆ ದಾಟಿಸುತ್ತಾರೆ, ವೇಕಪ್ ಮಾತ್ರ ಹಳೆಯ ಜಾಗದಲ್ಲೇ ಉಳಿಯುತ್ತದೆ. ಟೆಸ್ಟ್ ಎಲ್ಲ ಪಾಸಾಗುತ್ತದೆ, ಏಕೆಂದರೆ ನಿದ್ದೆಯಿಂದ ಥ್ರೆಡ್ ಏಳುವಷ್ಟರಲ್ಲಿ ವರ್ಕ್ ಕ್ಯೂ ಹೆಚ್ಚು ಸಲ ಕೆಲಸ ಮುಗಿಸಿರುತ್ತದೆ. ನಿಮ್ಮ ಡ್ರೈವರ್‌ನ ಗಿಟ್ ಇತಿಹಾಸದಲ್ಲಿ ಇಂಥದ್ದೊಂದು ಕಮಿಟ್ ಇದೆಯೇ ನೋಡಿ.

ಅಲ್ಲಿ ಸಿಗದಿದ್ದರೆ ಮುಂದಿನ ಗುಮಾನಿ ವೇಕಪ್ ಜೊತೆ ಕಳಿಸುವ ಮಾಸ್ಕ್ (ಯಾವ ಈವೆಂಟ್ ಎಂದು ಹೇಳುವ ಬಿಟ್‌ಗಳು) ಮೇಲೆ. ಸಾದಾ ವೇಕಪ್ ಮಾಡಿದರೆ ಕಾಲ್‌ಬ್ಯಾಕ್‌ಗೆ ಮಾಸ್ಕ್ ಸೊನ್ನೆಯಾಗಿ ಬರುತ್ತದೆ, ಅದು ಯಾವುದನ್ನೂ ಸೋಸುವುದಿಲ್ಲ. ಪೋಲ್ ಮಾಸ್ಕ್ ಕೊಟ್ಟು ವೇಕಪ್ ಮಾಡುವ ರೂಪ ಬಳಸಿದರೆ, ಅಪ್ಲಿಕೇಶನ್ ಕೇಳಿದ ಈವೆಂಟ್‌ಗಳಿಗೂ ಆ ಮಾಸ್ಕ್‌ಗೂ ಸಾಮಾನ್ಯವಾದ ಬಿಟ್ ಇಲ್ಲದಿದ್ದಾಗ ಕಾಲ್‌ಬ್ಯಾಕ್ ಸದ್ದಿಲ್ಲದೆ ವಾಪಸ್ ಹೋಗುತ್ತದೆ. ಇದೊಂದು ಒಳ್ಳೆಯ ಆಪ್ಟಿಮೈಸೇಶನ್. ಬರೆಯಲು ಜಾಗ ಸಿಕ್ಕಾಗ ಓದಲು ಕಾಯುವವರನ್ನು ಎಬ್ಬಿಸುವುದು ತಪ್ಪುತ್ತದೆ. ಆದರೆ ಒಂದೇ ಇಂಟರಪ್ಟ್‌ನಲ್ಲಿ ಓದುವುದೂ ಬರೆಯುವುದೂ ಎರಡೂ ತೆರೆದುಕೊಂಡು, ಡ್ರೈವರ್ ಒಂದರ ಬಿಟ್ ಮಾತ್ರ ಕಳಿಸಿದರೆ ಇನ್ನೊಂದು ಕಡೆಯವರು ಮಲಗಿಯೇ ಇರುತ್ತಾರೆ.

ಮೂರನೆಯದಕ್ಕೆ ಲಕ್ಷಣ ಬೇರೆ. ಆ ಫೈಲ್ ಮುಂದಿನ ಡೇಟಾಕ್ಕೂ ಏಳದೆ, ಮುಚ್ಚಿ ತೆರೆಯುವವರೆಗೆ ಸತ್ತಂತೆ ಬಿದ್ದಿದ್ದರೆ ಪೋಲ್ ಫಂಕ್ಷನ್‌ನ ಮೊದಲ ಸಾಲುಗಳನ್ನು ನೋಡಿ. ಡೇಟಾ ಈಗಾಗಲೇ ಇದ್ದರೆ ಪೋಲ್-ವೇಯ್ಟ್ ಕರೆಯದೆ ನೇರ ಮಾಸ್ಕ್ ಹಿಂತಿರುಗಿಸುವ ಡ್ರೈವರ್‌ಗಳಿವೆ. ಕಾಯುವ ಅಗತ್ಯವೇ ಇಲ್ಲವಲ್ಲ ಎಂಬ ಲೆಕ್ಕಾಚಾರ. ಹಳೆಯ ಸೆಲೆಕ್ಟ್, ಪೋಲ್ ಸಿಸ್ಟಂ ಕಾಲ್‌ಗಳಲ್ಲಿ ಇದು ನಡೆದುಹೋಗುತ್ತದೆ, ಅವು ಪ್ರತಿ ಕರೆಯಲ್ಲೂ ಹೊಸದಾಗಿ ಕ್ಯೂಗೆ ಸೇರುತ್ತವೆ. ಈಪೋಲ್ ಮಾತ್ರ ಕ್ಯೂಗೆ ಸೇರುವುದು ಒಂದೇ ಸಲ, ಫೈಲನ್ನು ಸೇರಿಸುವಾಗ. ಆಮೇಲಿನ ಕರೆಗಳಲ್ಲಿ ಪೋಲ್-ವೇಯ್ಟ್ ಏನೂ ಮಾಡುವುದಿಲ್ಲ. ಸೇರಿಸಿದ ಗಳಿಗೆಯಲ್ಲಿ ಡೇಟಾ ಇತ್ತು ಎಂದರೆ ಕಾಲ್‌ಬ್ಯಾಕ್ ಕ್ಯೂನಲ್ಲೇ ಇಲ್ಲ, ಆ ಮೊದಲ ಡೇಟಾ ಓದಿ ಮುಗಿದ ಮೇಲೆ ಆ ಫೈಲ್‌ನಿಂದ ಯಾವ ಸುದ್ದಿಯೂ ಬರುವುದಿಲ್ಲ. ಪೋಲ್-ವೇಯ್ಟ್ ಯಾವ ಷರತ್ತೂ ಇಲ್ಲದೆ, ಸ್ಥಿತಿ ನೋಡುವ ಮೊದಲೇ ಇರಬೇಕು. ಎರಡು ಕ್ಯೂ ಇದ್ದರೆ ಎರಡಕ್ಕೂ.

ಮೆಮೊರಿ ಬ್ಯಾರಿಯರ್ (ಓದು-ಬರಹಗಳು ಹಿಂದುಮುಂದಾಗದಂತೆ ತಡೆಯುವ ಆದೇಶ) ಬಗ್ಗೆಯೂ ಒಂದು ಮಾತು. ಕ್ಯೂನಲ್ಲಿ ಯಾರಾದರೂ ಇದ್ದಾರೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ವೇಕಪ್ ಕರೆಯನ್ನೇ ಬಿಟ್ಟುಬಿಡುವ ರೂಢಿ ಇದೆ. ಅದಕ್ಕೆ ವೇಯ್ಟ್‌ಕ್ಯೂ-ಆಕ್ಟಿವ್ ಎಂಬ ಫಂಕ್ಷನ್ ಇದೆ. ಡೇಟಾದ ಗುರುತು ಬರೆದು, ನಡುವೆ ಬ್ಯಾರಿಯರ್ ಇಲ್ಲದೆ ಕ್ಯೂ ಓದಿದರೆ ಸಿಪಿಯು ಆ ಓದನ್ನು ಬರಹಕ್ಕಿಂತ ಮುಂಚೆಯೇ ಮುಗಿಸಬಹುದು. ಎಕ್ಸ್86 ಅಂಥದ್ದನ್ನೆಲ್ಲ ಹಿಂದುಮುಂದು ಮಾಡುವುದಿಲ್ಲ ಎಂದು ನಂಬಿ ಕೂತವರು ತುಂಬಾ ಜನ. ಬರಹದ ನಂತರದ ಓದು ಮುಂದೆ ಜಿಗಿಯುವುದೊಂದನ್ನು ಎಕ್ಸ್86 ಕೂಡ ಆಗಗೊಡುತ್ತದೆ, ಈ ದೋಷಕ್ಕೆ ಸಾಕಾಗುವುದೂ ಅದೊಂದೇ. ಬ್ಯಾರಿಯರ್ ಸಮೇತ ನೋಡುವ ವೇಯ್ಟ್‌ಕ್ಯೂ-ಹ್ಯಾಸ್-ಸ್ಲೀಪರ್ ಬಳಸಿ. ಈಪೋಲ್‌ನ ಮಟ್ಟಿಗೆ ಈ ಬಿರುಕು ಫೈಲನ್ನು ಸೇರಿಸುವ ಕ್ಷಣದಲ್ಲಷ್ಟೇ ತೆರೆಯುತ್ತದೆ, ಆಮೇಲೆ ಕ್ಯೂ ಖಾಲಿಯಾಗಿರುವುದೇ ಇಲ್ಲ. ಸಾದಾ ಪೋಲ್ ಬಳಸುವವರಿಗೆ ಪ್ರತಿ ಕರೆಯಲ್ಲೂ ತೆರೆದಿರುತ್ತದೆ.

ಎಡ್ಜ್ ಟ್ರಿಗರ್ (ಹೊಸದೇನಾದರೂ ಬಂದಾಗ ಮಾತ್ರ ಹೇಳುವ ಬಗೆ) ಬಳಸುವ ಅಪ್ಲಿಕೇಶನ್ ಬಫರ್ ಖಾಲಿಯಾಗುವವರೆಗೆ ಓದದೆ ನಿಲ್ಲಿಸಿದರೂ ಇದೇ ಲಕ್ಷಣ ಕಾಣುತ್ತದೆ. ಅದು ಕರ್ನಲ್‌ನ ತಪ್ಪಲ್ಲ ಎಂದು ಕೈ ತೊಳೆದುಕೊಳ್ಳುವ ಮುನ್ನ ಪೈಪ್‌ನ ಕಥೆ ಕೇಳಿ.

2019ರ ಡಿಸೆಂಬರ್‌ನಲ್ಲಿ, 5.5ನೇ ಆವೃತ್ತಿಗಾಗಿ, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಪೈಪ್‌ನ (ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ಓದುವ ಕೊಳವೆ) ವೇಕಪ್ ತರ್ಕವನ್ನು ಚೊಕ್ಕ ಮಾಡಿದರು. ಪೈಪ್ ಖಾಲಿ ಇದ್ದು ಡೇಟಾ ಬಂದರೆ ಮಾತ್ರ ಓದುಗರನ್ನು ಎಬ್ಬಿಸುವುದು; ಮೊದಲೇ ಡೇಟಾ ಇದ್ದರೆ ಅವರಿಗೆ ಆಗಲೇ ಹೇಳಿಯಾಗಿದೆಯಲ್ಲ. ತರ್ಕ ಸರಿ, ಎಡ್ಜ್ ಎಂಬ ಹೆಸರಿಗೂ ಒಪ್ಪುತ್ತದೆ, ಅನಗತ್ಯ ವೇಕಪ್‌ಗಳೂ ಉಳಿದವು. ಆದರೆ ಆಂಡ್ರಾಯ್ಡ್‌ನಲ್ಲಿ ಬಳಕೆಯಲ್ಲಿದ್ದ ಒಂದು ಲೈಬ್ರರಿ ಎಡ್ಜ್ ಟ್ರಿಗರ್ ಹಾಕಿಕೊಂಡು, ಪೈಪ್‌ನಲ್ಲಿದ್ದುದನ್ನು ಪೂರ್ತಿ ಓದದೆ, ಪ್ರತಿ ಹೊಸ ಬರಹಕ್ಕೂ ಒಂದು ವೇಕಪ್ ಬರುತ್ತದೆಂದು ನಂಬಿತ್ತು. ಹಳೆಯ ಕರ್ನಲ್‌ಗಳಲ್ಲಿ ಹಾಗೆಯೇ ಬರುತ್ತಿತ್ತು ಕೂಡ. ಹೊಸ ಕರ್ನಲ್ ಫೋನ್‌ಗಳಿಗೆ ಬಂದಾಗ ಅಪ್ಲಿಕೇಶನ್‌ಗಳು ನಿಂತುಹೋದವು. 2021ರಲ್ಲಿ, 5.14ಕ್ಕಾಗಿ, ಟೊರ್ವಾಲ್ಡ್ಸ್ ಅವರೇ ಹಳೆಯ ನಡವಳಿಕೆ ವಾಪಸ್ ತಂದರು. ಅದರಿಂದ ವೇಗ ಕುಸಿದದ್ದು ಸ್ವಯಂಚಾಲಿತ ಪರೀಕ್ಷೆಯಲ್ಲಿ ಕಂಡಾಗ, ಒಮ್ಮೆಯಾದರೂ ಪೋಲ್ ಆದ ಪೈಪ್‌ಗಳಿಗೆ ಮಾತ್ರ ಹೆಚ್ಚುವರಿ ವೇಕಪ್ ಕೊಡುವಂತೆ ಮಾಡಿದರು. ಆ ಲೈಬ್ರರಿ ತಪ್ಪು ಬರೆದಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ಕರ್ನಲ್ ಬಾಗಿತು, ಬಳಕೆದಾರರ ಪ್ರೋಗ್ರಾಂ ಮುರಿಯಬಾರದೆಂಬ ನಿಯಮ ಅಲ್ಲಿ ಅಷ್ಟು ಬಿಗಿ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ನಿಮ್ಮ ಲಾಕ್ ಕಾಯುವಿಕೆ ತಗ್ಗಿಸಲು ಯಾರಾದರೂ ಮೊದಲು ಹೇಳುವ ಉಪಾಯ ವೇಕಪ್ ಕಡಿಮೆ ಮಾಡಿ ಎಂಬುದೇ, ನಾನೂ ಅದನ್ನೇ ಹೇಳುವವನಿದ್ದೇನೆ. ಡ್ರೈವರ್ ಪ್ರತಿ ಪ್ಯಾಕೆಟ್‌ಗೂ ವೇಕಪ್ ಮಾಡುತ್ತಿದ್ದರೆ ಇಂಟರಪ್ಟ್‌ಗೊಂದು ವೇಕಪ್‌ಗೆ ಇಳಿಸಿ. ಆದರೆ ಈಗಿರುವ ಅಪ್ಲಿಕೇಶನ್‌ಗಳು ಎಡ್ಜ್ ಟ್ರಿಗರ್ ಬಳಸುತ್ತವೆಯೇ, ಪೂರ್ತಿ ಓದುತ್ತವೆಯೇ ಎಂದು ಮೊದಲು ನೋಡಿ. ಡಾಕ್ಯುಮೆಂಟೇಶನ್‌ನಲ್ಲಿ ಬರೆದಿರಲಿ ಬಿಡಲಿ, ವೇಕಪ್‌ನ ಸಂಖ್ಯೆಯನ್ನೂ ಹೊತ್ತನ್ನೂ ಯಾರೋ ಒಬ್ಬರು ನೆಚ್ಚಿಕೊಂಡಿರುತ್ತಾರೆ.

ಈಗ ಲಾಕ್‌ಗೆ ಬರೋಣ. ಪರ್ಫ್‌ನಲ್ಲಿ ಸ್ಪಿನ್‌ಲಾಕ್ ಕಂಡಿತೆಂದು ಈಪೋಲ್ ಲಾಕ್ ಬದಲಿಸಲು ಹೊರಡುವುದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ. ಕರೆಯ ಸರಪಳಿಯಲ್ಲಿ ಒಂದು ಮೆಟ್ಟಿಲು ಮೇಲೆ ನೋಡಿ. ಸ್ಪಿನ್ ಆಗುತ್ತಿರುವುದು ಈಪೋಲ್ ಕಾಲ್‌ಬ್ಯಾಕ್‌ನೊಳಗೆಯೋ, ಅಥವಾ ಅದಕ್ಕೂ ಮೊದಲು, ವೇಕಪ್ ಫಂಕ್ಷನ್ ವೇಯ್ಟ್ ಕ್ಯೂನ ಲಾಕ್ ಹಿಡಿಯುವಲ್ಲಿಯೋ? ಎರಡೂ ವರದಿಯಲ್ಲಿ ಒಂದೇ ಹೆಸರಿನಲ್ಲಿ ಕೂಡಿಕೊಂಡು ಬರುತ್ತವೆ, ಮದ್ದು ಬೇರೆ ಬೇರೆ. ಕಾಲ್‌ಬ್ಯಾಕ್ ಓಡುವಾಗ ಡ್ರೈವರ್‌ನ ವೇಯ್ಟ್ ಕ್ಯೂ ಲಾಕ್ ಹಿಡಿದೇ ಇರುತ್ತದೆ, ಅದರೊಳಗೆ ಈಪೋಲ್‌ನ ಲಾಕ್ ಸಿಗಬೇಕು. ಹಾಗಾಗಿ ಒಳಗಿನದು ಕಾದಷ್ಟು ಹೊತ್ತು ಹೊರಗಿನದೂ ಬಿಡುಗಡೆಯಾಗುವುದಿಲ್ಲ. ಹೊರಗಿನ ಲಾಕ್‌ನಲ್ಲಿ ಜನ ಕಾಯುತ್ತಿರುವುದು ಕಂಡರೂ ಮೂಲ ಒಳಗಿನದಾಗಿರಬಹುದು. ಪರ್ಫ್‌ನಲ್ಲೇ ಲಾಕ್ ಕಂಟೆನ್ಶನ್ ನೋಡುವ ಉಪಕಮಾಂಡ್ ಇದೆ, ಕ್ಯಾಶ್ ಲೈನ್ (ಸಿಪಿಯುಗಳು ಒಟ್ಟಾಗಿ ಸಾಗಿಸುವ ಮೆಮೊರಿಯ ತುಣುಕು) ಎಳೆದಾಟ ಅಳೆಯುವ ಸಿ2ಸಿ ಇದೆ, ಈಪೋಲ್‌ಗೆಂದೇ ಬರೆದ ಬೆಂಚ್‌ಮಾರ್ಕ್ ಕೂಡ ಪರ್ಫ್ ಬೆಂಚ್‌ನಲ್ಲಿದೆ. ನಿಮ್ಮ ಪ್ಯಾಚ್ ಬರೆದವರು ಇವುಗಳಲ್ಲಿ ಒಂದರ ಅಂಕಿಯನ್ನಾದರೂ ಕಮಿಟ್ ಸಂದೇಶದಲ್ಲಿ ಹಾಕಿದ್ದಾರೆಯೇ?

ಹಾಗೆ ನೋಡಿದರೆ ನಿಮ್ಮ ತಂಡದ ಯೋಚನೆ ಹೊಸದೇನಲ್ಲ. 2019ರಲ್ಲಿ, 5.1ನೇ ಆವೃತ್ತಿಯಲ್ಲಿ, ಈಪೋಲ್‌ನ ಸ್ಪಿನ್‌ಲಾಕ್ ಹೋಗಿ ರೀಡ್-ರೈಟ್ ಲಾಕ್ ಬಂತು. ಬಳಸಿದ ರೀತಿಯೇ ತಲೆಕೆಳಗು: ಲಿಸ್ಟ್‌ಗೆ ಬರೆಯುವ ಕಾಲ್‌ಬ್ಯಾಕ್‌ಗಳೆಲ್ಲ ರೀಡ್ ಲಾಕ್ ಹಿಡಿಯುತ್ತಿದ್ದವು, ಒಂದೇ ಹೊತ್ತಿನಲ್ಲಿ ಹಲವು ಸಿಪಿಯುಗಳು ಅಟಾಮಿಕ್ ಆಪರೇಶನ್‌ನಿಂದ ಬಾಲಕ್ಕೆ ಐಟಂ ಜೋಡಿಸುತ್ತಿದ್ದವು. ಲಿಸ್ಟನ್ನು ಎತ್ತಿಕೊಂಡು ಹೋಗುವ ಥ್ರೆಡ್ ರೈಟ್ ಲಾಕ್ ಹಿಡಿಯುತ್ತಿತ್ತು. ಜಾಣತನದ ಕೆಲಸ, ಕಂಟೆನ್ಶನ್ ನಿಜಕ್ಕೂ ಇಳಿಯಿತು. ಆದರೆ ರಿಯಲ್-ಟೈಮ್ ಕರ್ನಲ್‌ಗಳಲ್ಲಿ ಅದೇ ಮುಳ್ಳಾಯಿತು. ಅಲ್ಲಿ ಈ ಲಾಕ್‌ಗಳಿಗೆ ಕಾಯುವವರು ಮಲಗಬಲ್ಲರು. ಮೇಲಿನ ಪ್ರಯಾರಿಟಿಯ ಥ್ರೆಡ್ ರೈಟ್ ಲಾಕ್‌ಗೆ ಕಾಯುವಾಗ, ರೀಡ್ ಲಾಕ್ ಹಿಡಿದು ಪ್ರಿಎಂಪ್ಟ್ ಆದ (ನಡುವೆಯೇ ಸಿಪಿಯು ಕಳೆದುಕೊಂಡ) ಕೆಳಗಿನ ಪ್ರಯಾರಿಟಿಯವರಿಗೆ ಅದು ತನ್ನ ಪ್ರಯಾರಿಟಿ ದಾಟಿಸಲಾರದು, ಏಕೆಂದರೆ ಓದುಗರು ಹಲವರು. ಈವೆಂಟ್‌ಗಾಗಿ ಕಾದ ತುರ್ತಿನ ಥ್ರೆಡ್ ಲೆಕ್ಕವಿಲ್ಲದಷ್ಟು ಹೊತ್ತು ಸಿಕ್ಕಿಬೀಳುತ್ತಿತ್ತು. ಕೊನೆಗೆ ಮುಖ್ಯ ಕರ್ನಲ್‌ನಲ್ಲಿ ಮತ್ತೆ ಸಾದಾ ಸ್ಪಿನ್‌ಲಾಕೇ ಬಂತು. ನಿಮ್ಮ ಉತ್ಪನ್ನದಲ್ಲಿ ರಿಯಲ್-ಟೈಮ್ ಕಾನ್ಫಿಗರೇಶನ್ ಇದ್ದರೆ ಈ ಇತಿಹಾಸವನ್ನು ಓದದೆ ಯಾವ ಪ್ಯಾಚನ್ನೂ ಒಪ್ಪಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕರ್ನಲ್ ಮುಟ್ಟದೆ ಅಪ್ಲಿಕೇಶನ್‌ನ ಆಕಾರ ಬದಲಿಸುತ್ತಿದ್ದೆ. ಸಾವಿರಾರು ಫೈಲ್‌ಗಳ ಕಾಲ್‌ಬ್ಯಾಕ್‌ಗಳೂ ಹತ್ತಾರು ಥ್ರೆಡ್‌ಗಳೂ ಒಂದೇ ರೆಡಿ ಲಿಸ್ಟ್ ಮೇಲೆ ಮುಗಿಬಿದ್ದರೆ ಯಾವ ಲಾಕ್ ಹಾಕಿದರೂ ಆ ಕ್ಯಾಶ್ ಲೈನ್ ಸಿಪಿಯುಗಳ ನಡುವೆ ಓಡಾಡಲೇಬೇಕು, ಲಾಕ್ ಇಲ್ಲದ ಲಿಸ್ಟ್‌ನಲ್ಲೂ ಬಾಲದ ಪಾಯಿಂಟರ್ ಒಂದೇ. ಥ್ರೆಡ್‌ಗೊಂದು ಈಪೋಲ್ ಕೊಟ್ಟು ಫೈಲ್‌ಗಳನ್ನು ಹಂಚಿ. ಕೇಳುವ ಸಾಕೆಟ್‌ಗಳಿಗೆ ರೀಯೂಸ್‌ಪೋರ್ಟ್ (ಒಂದೇ ಪೋರ್ಟನ್ನು ಹಲವು ಸಾಕೆಟ್‌ಗಳು ಹಂಚಿಕೊಳ್ಳುವ ಆಯ್ಕೆ) ಕರ್ನಲ್ 3.9ರಿಂದಲೇ ಇದೆ. ಒಂದೇ ಫೈಲ್ ಹಲವು ಈಪೋಲ್‌ಗಳಲ್ಲಿ ಇರಲೇಬೇಕಾದರೆ 4.5ರಲ್ಲಿ ಬಂದ ಎಕ್ಸ್‌ಕ್ಲೂಸಿವ್ ಫ್ಲ್ಯಾಗ್ ಹಾಕಿ, ಎಲ್ಲರೂ ಒಟ್ಟಿಗೆ ಎದ್ದು ಒಬ್ಬರಿಗೆ ಮಾತ್ರ ಕೆಲಸ ಸಿಗುವುದು ತಪ್ಪುತ್ತದೆ. ಒಂದೇ ಈಪೋಲ್ ಮೇಲೆ ಹಲವರು ಕಾದಿದ್ದರೆ ಆ ಫ್ಲ್ಯಾಗ್ ಬೇಕಿಲ್ಲ, ಅಲ್ಲಿ ಒಂದು ಈವೆಂಟ್‌ಗೆ ಒಬ್ಬರೇ ಏಳುವುದು. ಅದೂ ಕೊನೆಗೆ ಬಂದು ಮಲಗಿದ ಥ್ರೆಡ್ಡೇ ಮೊದಲು ಏಳುತ್ತದೆ, ಆದ್ದರಿಂದ ಕೆಲಸ ಸಮನಾಗಿ ಹಂಚಿಹೋಗಿಲ್ಲ ಎಂದು ಗ್ರಾಫ್ ನೋಡಿ ಗಾಬರಿಯಾಗಬೇಡಿ. ಲೆವೆಲ್ ಟ್ರಿಗರ್‌ನಲ್ಲಿ (ಡೇಟಾ ಇರುವವರೆಗೂ ಹೇಳುತ್ತಲೇ ಇರುವ ಬಗೆ) ಕೊಟ್ಟ ಐಟಂ ಮತ್ತೆ ರೆಡಿ ಲಿಸ್ಟ್‌ನ ಬಾಲಕ್ಕೆ ಸೇರಿ, ಮುಂದಿನ ಸಲ ಇನ್ನೊಂದು ಪೋಲ್ ಕರೆ ತಿನ್ನುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಇಷ್ಟಾದ ಮೇಲೂ ಕರ್ನಲ್ ಕೋಡ್‌ಗೆ ಕೈ ಹಾಕಲೇಬೇಕಾಗಿ ಬಂದರೆ ವೇಗಕ್ಕಿಂತ ಮೊದಲು ಇನ್ನೊಂದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ಯಾವ ವಸ್ತುವಿನ ಆಯಸ್ಸು ಯಾರ ಕೈಯಲ್ಲಿದೆ. ಈವೆಂಟ್ ಕೋಡ್‌ನ ಗಂಭೀರ ದೋಷಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಬಂದಿವೆ. ಈಪೋಲ್, ಫೈಲ್, ವೇಯ್ಟ್ ಕ್ಯೂ, ಈ ಮೂರೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಮೂರೂ ಬೇರೆ ಬೇರೆ ಗಳಿಗೆಯಲ್ಲಿ ಸಾಯುತ್ತವೆ. ಈಪೋಲ್ ತಾನು ಗಮನಿಸುವ ಫೈಲ್‌ನ ರೆಫರೆನ್ಸನ್ನು (ಬಳಕೆಯಲ್ಲಿದೆ, ಸಾಯಿಸಬೇಡಿ ಎಂಬ ಎಣಿಕೆ) ಹಿಡಿದಿರುವುದಿಲ್ಲ. ಹಿಡಿದರೆ ಅಪ್ಲಿಕೇಶನ್ ಮುಚ್ಚಿದರೂ ಫೈಲ್ ಸಾಯುವುದಿಲ್ಲ. ಅದಕ್ಕಾಗಿ ಫೈಲ್ ಸಾಯುವಾಗ ಈಪೋಲ್‌ಗೆ ಹೇಳಿ ಹೋಗುವ ಏರ್ಪಾಡಿದೆ. ಹೇಳುವ ಮುಂಚಿನ ಸಣ್ಣ ಕಿಂಡಿಯಲ್ಲಿ ರೆಫರೆನ್ಸ್ ಕೌಂಟ್ ಸೊನ್ನೆಯಾದ ಫೈಲ್ ಮೇಲೆಯೇ ಪೋಲ್ ಓಡಬಹುದಿತ್ತು. ಡಿಎಂಎ-ಬಫ್‌ನ (ಡಿವೈಸ್‌ಗಳು ಹಂಚಿಕೊಳ್ಳುವ ಬಫರ್) ಪೋಲ್ ಫಂಕ್ಷನ್ ಅಂಥ ಫೈಲ್‌ನ ರೆಫರೆನ್ಸ್ ಹೆಚ್ಚಿಸಲು ಹೋಗಿ, ಸತ್ತದ್ದನ್ನು ಬದುಕಿಸಿದಂತಾಗಿ ತೊಂದರೆಯಾಯಿತು. 2024ರಲ್ಲಿ ಅದನ್ನು ಮುಚ್ಚಿದರು, ಈಗ ಕೌಂಟ್ ಸೊನ್ನೆಯಲ್ಲದಿದ್ದರೆ ಮಾತ್ರ ಹೆಚ್ಚಿಸಿಕೊಂಡು ಆಮೇಲೆ ಪೋಲ್ ಕರೆಯುತ್ತಾರೆ.

ವೇಯ್ಟ್ ಕ್ಯೂ ಫೈಲ್‌ಗಿಂತ ಮುಂಚೆ ಸತ್ತರೆ ಏನಾಗುತ್ತದೆಂಬುದಕ್ಕೆ ಆಂಡ್ರಾಯ್ಡ್‌ನ ಬೈಂಡರ್ (ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡ್ರೈವರ್) ಪ್ರಕರಣ ಇದೆ, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2019-2215. ಬೈಂಡರ್ ಡ್ರೈವರ್‌ನಲ್ಲಿ ವೇಯ್ಟ್ ಕ್ಯೂ ಇದ್ದದ್ದು ಥ್ರೆಡ್‌ನ ರಚನೆಯೊಳಗೆ. ಥ್ರೆಡ್ ಬಿಟ್ಟುಹೋಗುವ ಐಒಕಂಟ್ರೋಲ್ (ಡ್ರೈವರ್‌ಗೆ ಕೊಡುವ ಆಜ್ಞೆ) ಕರೆದರೆ ಆ ಮೆಮೊರಿ ಬಿಡುಗಡೆಯಾಗುತ್ತಿತ್ತು, ಈಪೋಲ್ ಮಾತ್ರ ಆ ಕ್ಯೂನ ವಿಳಾಸ ಹಿಡಿದೇ ಕೂತಿರುತ್ತಿತ್ತು. ಮುಂದೆ ಈಪೋಲ್‌ನಿಂದ ಫೈಲ್ ತೆಗೆದಾಗ ಲಿಸ್ಟ್‌ನಿಂದ ಬಿಡಿಸಿಕೊಳ್ಳುವ ಕೋಡ್ ಬಿಡುಗಡೆಯಾದ ಮೆಮೊರಿಗೆ ಪಾಯಿಂಟರ್ ಬರೆಯುತ್ತಿತ್ತು. ಕರ್ನಲ್ ದೋಷ ಹುಡುಕುವ ಸ್ವಯಂಚಾಲಿತ ಉಪಕರಣ ಸಿಜ್‌ಕಾಲರ್ ಇದನ್ನು 2017ರ ನವೆಂಬರ್‌ನಲ್ಲೇ ಹಿಡಿದಿತ್ತು, 2018ರ ಫೆಬ್ರವರಿಯಲ್ಲಿ ಪ್ಯಾಚ್ ಬಂದಿತ್ತು. ಆದರೆ ಹಲವು ಫೋನ್‌ಗಳ ಕರ್ನಲ್‌ಗಳಿಗೆ ಅದು ತಲುಪಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಭದ್ರತಾ ಸಂಶೋಧಕರ ತಂಡ ಪ್ರಾಜೆಕ್ಟ್ ಜೀರೋ ಈ ದೋಷವನ್ನು ಹೊರಗೆಡಹಿತು, ಅಷ್ಟು ಹೊತ್ತಿಗೆ ದಾಳಿಕೋರರು ಅದನ್ನು ಬಳಸುತ್ತಿದ್ದ ಸುಳಿವಿತ್ತು. ನಿಮ್ಮ ಡ್ರೈವರ್‌ನಲ್ಲಿ ವೇಯ್ಟ್ ಕ್ಯೂ ಯಾವ ರಚನೆಯೊಳಗಿದೆ? ಅದು ಫೈಲ್ ಮುಚ್ಚುವ ಮೊದಲೇ, ಉದಾಹರಣೆಗೆ ಡಿವೈಸ್ ಕಿತ್ತಾಗ, ಬಿಡುಗಡೆಯಾಗುವ ದಾರಿ ಇದೆಯೇ? ಇದ್ದರೆ ಈ ಉತ್ತರದಲ್ಲಿ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಅದನ್ನು ಮುಚ್ಚಿ. ಸ್ವಂತ ಪ್ಯಾಚ್ ಹೊತ್ತು ತಿರುಗುವ ಕರ್ನಲ್‌ಗಳಿಗೆ ಸ್ಟೇಬಲ್ ಸರಣಿಯ ತಿದ್ದುಪಡಿಗಳು ತಡವಾಗಿ ಸೇರುವುದು ಬರೀ ಆಫೀಸಿನ ವಿಳಂಬವಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಇನ್ನೊಂದು ಪ್ರಸಂಗವಂತೂ ನಿಮ್ಮ ಪ್ಯಾಚ್ ಬರೆದವರ ಎದುರು ಕೂತು ಓದಬೇಕಾದದ್ದು. ಈಪೋಲ್‌ನಲ್ಲಿರುವ ಫೈಲ್ ಮುಚ್ಚುವಾಗ ಇಡೀ ಸಿಸ್ಟಂಗೆ ಒಂದೇ ಆದ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ) ಹಿಡಿಯಬೇಕಿತ್ತು, ಅಲ್ಪಾಯುಷಿ ಕನೆಕ್ಷನ್‌ಗಳ ಲೋಡ್‌ನಲ್ಲಿ ಅದು ಕಂಟಕವಾಗಿತ್ತು. 2023ರಲ್ಲಿ, 6.4ರಲ್ಲಿ, ಪ್ರತಿ ಈಪೋಲ್‌ಗೂ ರೆಫರೆನ್ಸ್ ಕೌಂಟ್ ಕೊಟ್ಟು ಆ ಜಾಗತಿಕ ಮ್ಯೂಟೆಕ್ಸನ್ನು ಈ ದಾರಿಯಿಂದ ತೆಗೆದರು. ಒಳ್ಳೆಯ ಕೆಲಸ, ಅಗತ್ಯವೂ ಇತ್ತು. ಕೋಡ್‌ನ ಕ್ರಮ ಹೀಗಿತ್ತು: ಈಪೋಲ್‌ನ ಸ್ವಂತ ಮ್ಯೂಟೆಕ್ಸ್ ಹಿಡಿದು, ಕೌಂಟ್ ಇಳಿಸಿ, ಮ್ಯೂಟೆಕ್ಸ್ ಬಿಟ್ಟು, ಕೌಂಟ್ ಸೊನ್ನೆಯಾಗಿದ್ದರೆ ಮೆಮೊರಿ ಬಿಡುಗಡೆ. ಓದುವಾಗ ಏನೂ ತಪ್ಪು ಕಾಣುವುದಿಲ್ಲ. ಕೊನೆಯವನು ಮ್ಯೂಟೆಕ್ಸ್ ಬಿಟ್ಟ ಮೇಲೆಯೇ ತಾನೇ ಬಿಡುಗಡೆ ಮಾಡುವುದು?

ತಪ್ಪಿರುವುದು ಕೊನೆಯವನ ಹಿಂದಿನವನಲ್ಲಿ. ಅವನು ಕೌಂಟನ್ನು ಎರಡರಿಂದ ಒಂದಕ್ಕೆ ಇಳಿಸಿ ಮ್ಯೂಟೆಕ್ಸ್ ಬಿಡಲು ಹೊರಡುತ್ತಾನೆ. ಮ್ಯೂಟೆಕ್ಸ್ ಬಿಡುವುದು ಒಂದೇ ಏಟಿನ ಕೆಲಸವಲ್ಲ. ಬೀಗ ತೆರೆದಿದೆ ಎಂದು ಗುರುತು ಹಾಕಿದ ಮೇಲೂ, ಕಾಯುವವರನ್ನು ಎಬ್ಬಿಸಲೆಂದು ಅದೇ ಮ್ಯೂಟೆಕ್ಸ್‌ನ ಮೆಮೊರಿಯನ್ನು ಇನ್ನೂ ಮುಟ್ಟುತ್ತಿರುತ್ತಾನೆ. ಆ ನಡುವೆ ಕೊನೆಯವನು ಮ್ಯೂಟೆಕ್ಸ್ ಹಿಡಿದು, ಕೌಂಟ್ ಸೊನ್ನೆ ಮಾಡಿ, ಬಿಟ್ಟು, ಇಡೀ ಈಪೋಲನ್ನೇ ಬಿಡುಗಡೆ ಮಾಡಿಬಿಡಬಹುದು. ಮೊದಲಿನವನ ಕೈ ಈಗ ಸತ್ತ ಮೆಮೊರಿಯೊಳಗಿದೆ. 2025ರ ಜುಲೈನಲ್ಲಿ ಭದ್ರತಾ ಸಂಶೋಧಕ ಯಾನ್ ಹಾರ್ನ್ ಇದನ್ನು ತೋರಿಸಿಕೊಟ್ಟರು, ಟೊರ್ವಾಲ್ಡ್ಸ್ ತಿದ್ದಿದರು. ತಿದ್ದಿದ್ದು ಇಷ್ಟೇ: ಮೊದಲು ಮ್ಯೂಟೆಕ್ಸ್ ಬಿಡು, ಕೌಂಟ್ ಆಮೇಲೆ ಇಳಿಸು. ಮ್ಯೂಟೆಕ್ಸ್ ಒಬ್ಬರೇ ಒಳಗಿರುವಂತೆ ನೋಡಿಕೊಳ್ಳುತ್ತದೆ, ವಸ್ತುವಿನ ಆಯಸ್ಸಿಗೆ ಜಾಮೀನು ಕೊಡುವುದಿಲ್ಲ. ಒಂದು ಆಪ್ಟಿಮೈಸೇಶನ್ ತಂದ ಈ ಸಾಲುಗಳು ಎರಡು ವರ್ಷ ಎಷ್ಟೋ ನುರಿತ ಕಣ್ಣುಗಳ ಎದುರಿಗಿದ್ದವು. ಲಾಕ್ ಇಲ್ಲದ ಲಿಸ್ಟ್‌ನಲ್ಲಿ ಇಂಥ ಕಿಂಡಿಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದು ಲಿನಕ್ಸ್‌ಗಷ್ಟೇ ಅಂಟಿದ ಜಾಡ್ಯವೂ ಅಲ್ಲ. 2000ದಲ್ಲಿ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂಗೆ ಬಂದ, ಈಪೋಲ್‌ನಂಥದ್ದೇ ಆದ ಕೆಕ್ಯೂನಲ್ಲಿ ಈಪಿಐಟಂನ ಜಾಗದಲ್ಲಿ ಕೆನೋಟ್ ಎಂಬ ರಚನೆ ಇದೆ, ಅದನ್ನು ಯಾರೋ ಬದಲಿಸುತ್ತಿದ್ದಾರೆ, ಈಗ ತೆಗೆಯಬೇಡಿ ಎಂದು ಹೇಳಲೆಂದೇ ಇನ್‌ಫ್ಲಕ್ಸ್ ಎಂಬ ಗುರುತೂ ಇದೆ.

ನಿರ್ವಹಣೆಯ ಸಣ್ಣ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಈಪಿಐಟಂ ರಚನೆಗೆ ಫೀಲ್ಡ್ ಸೇರಿಸುವ ಆಸೆ ಬಂದರೆ, 64 ಬಿಟ್ ಯಂತ್ರದಲ್ಲಿ ಅದು 128 ಬೈಟ್ ದಾಟಿದರೆ ಬಿಲ್ಡ್ ನಿಲ್ಲಿಸುವ ಸಾಲೊಂದು ಕೋಡ್‌ನಲ್ಲಿದೆ. ಆ ಸಾಲನ್ನು ಅಳಿಸಿ ಮುಂದೆ ಹೋಗಬೇಡಿ. ಸಾವಿರಾರು ಐಟಂಗಳಿರುವಾಗ ಪ್ರತಿಯೊಂದಕ್ಕೂ ಇನ್ನೊಂದು ಕ್ಯಾಶ್ ಲೈನ್ ಬೀಳುತ್ತದೆ, ಅದಕ್ಕೇ ಅದನ್ನು ಅಲ್ಲಿ ಹಾಕಿದ್ದು. ಪೋಲ್ ದಾರಿಯಲ್ಲಿ ಒಂದು ಪದರ ಹೆಚ್ಚಿಸಿ ಕೋಡ್ ಚೆಂದ ಮಾಡುವ ಯೋಚನೆಗೂ ಒಂದು ಹಳೆಯ ಪಾಠವಿದೆ. 2018ರಲ್ಲಿ 4.18ಕ್ಕಾಗಿ ಪೋಲ್ ಕರೆಯನ್ನು ಎರಡಾಗಿ ಒಡೆದ ಬದಲಾವಣೆ ಮರ್ಜ್ ಆಯಿತು. ಸ್ಪೆಕ್ಟರ್ ಎಂಬ ಸಿಪಿಯು ದೋಷಕ್ಕೆ ಹಾಕಿದ ತಡೆಗಳ ನಂತರ ಇಂಡೈರೆಕ್ಟ್ ಕರೆ (ಪಾಯಿಂಟರ್ ಮೂಲಕ ಫಂಕ್ಷನ್ ಕರೆಯುವುದು) ದುಬಾರಿಯಾಗಿದ್ದ ಕಾಲ ಅದು. ವೇಗ ಕುಸಿದದ್ದರಿಂದ ಆ ಆವೃತ್ತಿ ಬಿಡುಗಡೆಯಾಗುವ ಮುಂಚೆಯೇ ಎಲ್ಲವನ್ನೂ ರಿವರ್ಟ್ ಮಾಡಿದರು.

ಪರೀಕ್ಷೆಗೆ ಕರ್ನಲ್‌ನ ಸೆಲ್ಫ್‌ಟೆಸ್ಟ್‌ಗಳಲ್ಲಿ ಈಪೋಲ್ ವೇಕಪ್‌ಗೆಂದೇ ಒಂದು ಕಡತವಿದೆ. ಲೆವೆಲ್, ಎಡ್ಜ್, ಒಂದರೊಳಗೊಂದು ಈಪೋಲ್, ಹಲವು ಥ್ರೆಡ್, ಹೀಗೆ ಜೋಡಣೆಗಳನ್ನೆಲ್ಲ ಅದು ಒಂದೊಂದಾಗಿ ನೋಡುತ್ತದೆ. ನಿಮ್ಮ ಡಿವೈಸ್ ಫೈಲ್‌ಗೂ ಅದೇ ಅಚ್ಚಿನಲ್ಲಿ ನಾಲ್ಕು ಟೆಸ್ಟ್ ಬರೆಯಿರಿ. ಲಾಕ್‌ಡೆಪ್ (ಲಾಕ್ ಕ್ರಮದ ತಪ್ಪು ಹಿಡಿಯುವುದು) ಜೊತೆ ಕೇಸ್ಯಾನ್ (ಮೆಮೊರಿ ತಪ್ಪು ಹಿಡಿಯುವುದು) ಹಾಕಿದ ಒಂದು ಬಿಲ್ಡ್, ಕೆಸಿಸ್ಯಾನ್ (ಡೇಟಾ ರೇಸ್ ಹಿಡಿಯುವುದು) ಹಾಕಿದ ಇನ್ನೊಂದು ಬಿಲ್ಡ್ ಮಾಡಿ, ಏಕೆಂದರೆ ಕೊನೆಯ ಎರಡು ಒಂದೇ ಬಿಲ್ಡ್‌ನಲ್ಲಿ ಕೂಡುವುದಿಲ್ಲ; ಎರಡರಲ್ಲೂ, ಒಂದು ಥ್ರೆಡ್ ಫೈಲ್ ಸೇರಿಸುತ್ತ ತೆಗೆಯುತ್ತ, ಇನ್ನೊಂದು ಮುಚ್ಚುತ್ತ ತೆರೆಯುತ್ತ, ಮೂರನೆಯದು ಕಾಯುತ್ತ ಇರುವಂತೆ ರಾತ್ರಿಯಿಡೀ ಓಡಿಸಿ. ವೇಕಪ್ ಮತ್ತು ಹೆಡ್ ಇಂಡೆಕ್ಸ್ ಬದಲಾವಣೆಯ ನಡುವೆ ಬೇಕೆಂದೇ ಒಂದು ಸಣ್ಣ ವಿಳಂಬ ತುರುಕಿ ನೋಡಿ. ನನ್ನ ಮೊದಲ ಗುಮಾನಿ ನಿಜವಾಗಿದ್ದರೆ ಅಪರೂಪದ ದೋಷ ಕೈಗೆ ಸಿಗುವಷ್ಟು ಸಲೀಸಾಗಿ ಬರುತ್ತದೆ.

ಐಒ ಯೂರಿಂಗ್ ವಿಷಯ. ಕರ್ನಲ್ ಡೆವಲಪರ್ ಯೆನ್ಸ್ ಆಕ್ಸ್‌ಬೋ ಅವರ ಈ ಕೆಲಸವೂ 5.1ರಲ್ಲೇ ಬಂತು. ಸಾಕೆಟ್‌ಗಳ ಭಾರ ಹೆಚ್ಚಿದ್ದು ಸಿಸ್ಟಂ ಕಾಲ್ ಸಂಖ್ಯೆಯೇ ನಿಮ್ಮನ್ನು ತಡೆಯುತ್ತಿದ್ದರೆ ಖಂಡಿತ ನೋಡಬೇಕಾದದ್ದು. ಆದರೆ ನಿಮ್ಮ ಅಳತೆಯಲ್ಲಿ ಕಂಡಿರುವುದು ಸಿಸ್ಟಂ ಕಾಲ್ ಖರ್ಚಲ್ಲ, ಒಂದೇ ಲಿಸ್ಟ್ ಮೇಲಿನ ನೂಕುನುಗ್ಗಲು. ಹತ್ತಾರು ಥ್ರೆಡ್‌ಗಳು ಒಂದೇ ರಿಂಗ್ ಹಂಚಿಕೊಂಡರೆ ಅಲ್ಲೂ ಅದೇ ಪಾಡು, ಅದಕ್ಕೇ ಅಲ್ಲಿ ಥ್ರೆಡ್‌ಗೊಂದು ರಿಂಗ್ ಇಡುವುದು ರೂಢಿ. ನಿಮ್ಮ ಡಿವೈಸ್ ಫೈಲ್ ಮೇಲೆ ಐಒ ಯೂರಿಂಗ್ ಕಾಯಬೇಕಾದಾಗ ಅದು ಕರೆಯುವುದೂ ಇದೇ ಪೋಲ್ ಫಂಕ್ಷನ್ನನ್ನು, ಕಾಲ್‌ಬ್ಯಾಕ್ ಕೂರಿಸುವುದೂ ಇದೇ ವೇಯ್ಟ್ ಕ್ಯೂನಲ್ಲಿ. ಗುರುತಿಗಿಂತ ಮುಂಚೆ ವೇಕಪ್ ಮಾಡುವ ಡ್ರೈವರ್ ಅಲ್ಲಿಯೂ ಅಪರೂಪಕ್ಕೊಮ್ಮೆ ಡೇಟಾ ಮುಚ್ಚಿಟ್ಟುಕೊಂಡು ಕೂರುತ್ತದೆ.